ನೀರು ಹೋದ ದಾರಿ

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಸಾಹಿತ್ಯದ ಬಗ್ಗೆ, ನಾಡಿನ ಇತಿಹಾಸದ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೀಗಿದ್ದೂ ಕಾರ್ಯದರ್ಶಿಗಳು ನಮ್ಮನ್ನು ಹಿಡಿದು ನಿಲ್ಲಿಸಿ, "ನಿಮಗೆ ತಿಳಿದದ್ದನ್ನೇ ಹೇಳಿ, ಸಾಕು" ಎಂದರು. ನಮಗೆ ತಿಳಿದದ್ದು ಬಹಳವಿಲ್ಲ. ಠಾಣೆಯ ಒಂದು ಮೋಟಾರು ರಿಪೇರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡು, ಈಗ ಡೊಂಬಿವಲಿಯಲ್ಲಿ ನಿವೃತ್ತರಾಗಿ ಕುಳಿತಿದ್ದೇವೆ. ಆದಕಾರಣ ಇಂದಿನ ವಿಷಯ ಹಳೆಯ ಮೋಟಾರು ಗಾಡಿಗಳ ರೇಡಿಯೇಟರು ಸೋರುವುದು, ಆ ಸೋರಿಕೆಯನ್ನು ಹುಡುಕುವುದು, ಹುಡುಕಿದ ಮೇಲೆ ಮುಚ್ಚುವುದು. ಹೆಂಗಸರು ಎದ್ದು ಹೋಗಬೇಕಾಗಿಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸಿದವರಿಗೆ, ಬಚ್ಚಲುಮನೆಯ ಹಂಡೆ ಸೋರಿದ್ದನ್ನು ಕಂಡವರಿಗೆ ಈ ವಿದ್ಯೆಯ ಅರ್ಧ ಪಾಠ ಆಗಲೇ ಬಂದಿದೆ.

ಈ ಮಾತಿಗೆ ಕಾರಣವಾದ ಗಾಡಿಯ ವಿಷಯವನ್ನು ಮೊದಲು ಹೇಳುತ್ತೇವೆ. ಠಾಣೆಯಲ್ಲಿರುವ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಅವರ ಅಜ್ಜನ ಕಾಲದ ಫೋರ್ಡ್ ಟಿ ಮಾದರಿಯ ಗಾಡಿಯೊಂದಿದೆ. ಅಜ್ಜ ಅದನ್ನು ಕರಾವಳಿಯ ಊರಿನಲ್ಲಿ ಓಡಿಸುತ್ತಿದ್ದರಂತೆ. ಊರ ಮನೆ ಪಾಲಾದಾಗ ಅಣ್ಣತಮ್ಮಂದಿರು ಗದ್ದೆ ತೋಟ ಹಂಚಿಕೊಂಡರು. ಯಾರಿಗೂ ಬೇಡವಾದ ಈ ಗಾಡಿಯನ್ನು ನಮ್ಮ ಮಿತ್ರರು ಲಾರಿಯಲ್ಲಿ ಏರಿಸಿಕೊಂಡು ಘಟ್ಟ ಹತ್ತಿಸಿ ಇಳಿಸಿ ಠಾಣೆಗೆ ತಂದರು. ಇಂಜಿನು ಚೆನ್ನಾಗಿತ್ತು. ತೊಂದರೆಯೆಲ್ಲ ರೇಡಿಯೇಟರಿನದು. ಒಂದೊಂದು ಸಲ ಒಬ್ಬೊಬ್ಬ ಮಿಸ್ತ್ರಿಯ ಹತ್ತಿರ ಮೂರು ಸಲ ಬೆಸುಗೆ ಹಾಕಿಸಿದರು; ಮೂರು ಸಲವೂ ಎರಡು ತಿಂಗಳೊಳಗೆ ಅದೇ ಮೂಲೆಯಲ್ಲಿ ನೀರು ತೊಟ್ಟಿಕ್ಕಿತು. ಅಷ್ಟರಲ್ಲಿ ಹೋಟೆಲಿನವರೊಬ್ಬರು ಬಂದು, "ಓಡದಿದ್ದರೂ ಚಿಂತೆಯಿಲ್ಲ, ಬಾಗಿಲ ಮುಂದೆ ಅಂದಕ್ಕೆ ನಿಲ್ಲಿಸಿಕೊಳ್ಳುತ್ತೇವೆ" ಎಂದು ಬೆಲೆ ಕಟ್ಟಿದರು. ಮಗನಿಗೆ ಕೊಟ್ಟುಬಿಡುವ ಮನಸ್ಸು. ಮಿತ್ರರಿಗೆ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ನಾವು ಹದಿನೈದು ದಿನದ ವಾಯಿದೆ ಕೇಳಿದೆವು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಜಿನಿನ ಒಳಗೆ ಪೆಟ್ರೋಲು ಉರಿಯುತ್ತದೆ. ಆ ಶಾಖದಲ್ಲಿ ಒಂದು ಪಾಲು ಮಾತ್ರ ಗಾಲಿ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಹೊಗೆಕೊಳವೆಯಲ್ಲಿ ಹೋಗುವುದನ್ನು ಬಿಟ್ಟರೆ ಉಳಿದದ್ದನ್ನು ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಒಪ್ಪಿಸಬೇಕು. ಮೊದಮೊದಲ ಗಾಡಿಗಳಲ್ಲಿ ಇದಕ್ಕೆ ರೇಡಿಯೇಟರೇ ಇರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟನ್ನು ಮತ್ತೆ ಹೊಯ್ಯಬೇಕು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ನ ತನ್ನ ತವರುಮನೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಆ ಗಾಡಿಯಲ್ಲಿ ಹೋದಳು. ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಳ್ಳಬೇಕಾಯಿತು. ತವರಿಗೆ ಹೊರಟ ಹೆಂಗಸನ್ನು ನೀರಿನ ಅಭಾವ ತಡೆಯಲಾರದೆಂಬುದನ್ನು ಇಲ್ಲಿ ವಿಸ್ತರಿಸಿ ಹೇಳಬೇಕಾಗಿಲ್ಲ.

ಅದೇ ನೀರನ್ನು ತಣಿಸಿ ಮತ್ತೆ ಮತ್ತೆ ಬಳಸುವ ಉಪಾಯ ಬೆಳೆಯುತ್ತ ಬಂದು, ವಿಲ್ಹೆಲ್ಮ್ ಮೈಬಾಖ್ ಎಂಬಾತನ ಕೈಯಲ್ಲಿ ಜೇನುಗೂಡಿನ ರೂಪ ತಾಳಿತು. 1901ರ ಸುಮಾರಿಗೆ ಹೆಸರು ಮಾಡಿದ ಮರ್ಸಿಡಿಸ್ ಗಾಡಿಯ ಮೂತಿಯಲ್ಲಿ ಆರು ಮಿಲಿಮೀಟರು ಚೌಕದ 8,070 ಪುಟ್ಟ ಕೊಳವೆಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟು ಬೆಸೆದಿದ್ದರು. ಈ ಜೇನುಗೂಡಿನಲ್ಲಿ ಕೊಳವೆಯೊಳಗೆ ಹಾಯುವುದು ಗಾಳಿ. ನೀರು ಹರಿಯುವುದು ಕೊಳವೆಗಳ ನಡುವಣ ಕೂದಲೆಳೆಯಂಥ ಸಂದಿಯಲ್ಲಿ. ಇನ್ನೊಂದು ಜಾತಿಯಲ್ಲಿ, ಎಂದರೆ ಟಿ ಮಾದರಿಯ ಫೋರ್ಡಿನಂಥವುಗಳಲ್ಲಿ, ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ನಡುವೆ ನೆಟ್ಟಗೆ ನಿಂತ ಕೊಳವೆಗಳು. ನೀರು ಕೊಳವೆಯೊಳಗೆ ಇಳಿಯುತ್ತದೆ, ಗಾಳಿ ಹೊರಗಿನ ತಗಡಿನ ಪಟ್ಟಿಗಳ ನಡುವೆ ಬೀಸುತ್ತದೆ. ಎರಡೂ ಜಾತಿಯಲ್ಲಿ ಬೇಕಾದದ್ದು ತಾಮ್ರ, ಹಿತ್ತಾಳೆ, ಬೆಸುಗೆ. ಆದರೆ ಒಂದರ ಚಿಕಿತ್ಸೆ ಮತ್ತೊಂದಕ್ಕೆ ಒಗ್ಗದು. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡುವವರು ಇನ್ನು ಮೇಲೆ ದೀಪ, ಬಣ್ಣಗಳನ್ನು ಬಿಟ್ಟು ಒಮ್ಮೆ ಗಾಡಿಯ ಮೂತಿಗೆ ಕಣ್ಣು ಕೊಟ್ಟು, ಇದು ಜೇನುಗೂಡೋ ನೆಟ್ಟ ಕೊಳವೆಯೋ ಎಂದು ನೋಡಬೇಕಾಗಿ ವಿನಂತಿ.

1908ರಿಂದ 1927ರವರೆಗೆ ತಯಾರಾದ ಈ ಟಿ ಮಾದರಿಯಲ್ಲಿ ಇನ್ನೊಂದು ವಿಶೇಷವುಂಟು. ಮೊದಲ ಸುಮಾರು ಎರಡೂವರೆ ಸಾವಿರ ಗಾಡಿಗಳನ್ನು ಬಿಟ್ಟರೆ ಉಳಿದವಕ್ಕೆ ಕಾರ್ಖಾನೆಯವರು ನೀರಿನ ಪಂಪನ್ನೇ ಕೊಡಲಿಲ್ಲ. ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ. ಹಂಡೆಯಲ್ಲಿ ಮೇಲಿನ ನೀರು ಸುಡುತ್ತಿರುವಾಗ ಅಡಿಯದು ಉಗುರುಬೆಚ್ಚಗಿರುವುದಿಲ್ಲವೇ, ಅದೇ ನ್ಯಾಯ. ಈ ಏರಿಳಿತದಿಂದಲೇ ನೀರು ಸುತ್ತುತ್ತದೆ. ಆದರೆ ಸುತ್ತಬೇಕಾದರೆ ದಾರಿ ಎಲ್ಲಿಯೂ ಕಡಿದಿರಬಾರದು. ಮೇಲಿನ ತೊಟ್ಟಿಯಲ್ಲಿ ನೀರಿನ ಮಟ್ಟ ಇಂಜಿನಿನಿಂದ ಬರುವ ಪೈಪಿನ ಬಾಯಿಗಿಂತ ಕೆಳಗೆ ಬಿತ್ತೆಂದರೆ ಸುತ್ತು ಅಲ್ಲಿಗೇ ಕಡಿಯಿತು. ಉಳಿದ ನೀರು ಹತ್ತು ಲೀಟರಿನಷ್ಟಿದ್ದರೂ ಅದು ಇದ್ದಲ್ಲೇ ಇದ್ದು ಕುದಿಯುತ್ತದೆ. ಪಂಪು ಇರುವ ಗಾಡಿಯಲ್ಲಿ ಒಂದು ಲೀಟರು ಹೋದರೆ ಮನೆ ಮುಟ್ಟಬಹುದು, ಇದರಲ್ಲಿ ಮುಟ್ಟಲಾರಿರಿ. ಸಣ್ಣ ಸೋರಿಕೆಯೆಂದು ನಮ್ಮ ಮಿತ್ರರ ಮಗ ಅಲಕ್ಷ್ಯ ಮಾಡಿದ್ದು ಇಂಥ ಗಾಡಿಯ ಸೋರಿಕೆಯನ್ನು.

"ಹೊಸ ಅಲ್ಯೂಮಿನಿಯಮ್ ರೇಡಿಯೇಟರು ಕೂರಿಸಿಬಿಡಿ" ಎಂದು ಸಲಹೆ ಕೊಟ್ಟವರೂ ಇದ್ದರು. ಕೂರಿಸಬಹುದು. ಆದರೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ಮಾಡಿತು. ಅದರ ಪ್ರಕಾರ ಗಾಡಿ ಮೂಲರೂಪದಲ್ಲಿಯೇ ಇರಬೇಕು, ಚಾಸಿಸ್, ಬಾಡಿ, ಇಂಜಿನುಗಳಲ್ಲಿ ಹೇಳಿಕೊಳ್ಳುವಂಥ ಮಾರ್ಪಾಟು ಆಗಿರಬಾರದು. ರೇಡಿಯೇಟರಿನ ಹೆಸರು ಆ ಸಾಲಿನಲ್ಲಿ ಇಲ್ಲವೆನ್ನಿ. ಆದರೂ ಅಜ್ಜನ ಗಾಡಿಗೆ ಮುಖವೆಂದರೆ ರೇಡಿಯೇಟರೇ. ಮುಖ ಬದಲಾಯಿಸಿ ಅಜ್ಜನದೆಂದು ಹೇಳಿಕೊಳ್ಳುವುದು ಮಿತ್ರರಿಗೆ ಹಿಡಿಸಲಿಲ್ಲ.

ನಾವು ಕಲ್ಯಾಣಕ್ಕೆ ಹೋಗಿ ಕಾಕಾ ಅವರನ್ನು ಕಂಡೆವು. ಅವರ ಹೆಸರನ್ನು ಹೇಳಲು ಅವರ ಒಪ್ಪಿಗೆಯಿಲ್ಲ. ಬಿಜಾಪುರದ ಕಡೆಯವರು. 1972ರ ಬರಗಾಲದಲ್ಲಿ ಹದಿನಾಲ್ಕರ ಹುಡುಗನಾಗಿ ಬಂದು, ಕಲ್ಯಾಣದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ರೇಡಿಯೇಟರ್ ಕೆಲಸ ಕಲಿತವರು. ಆ ಕಾಲದಲ್ಲಿ ಈ ಕೆಲಸಕ್ಕೆ ಬಿಡುವಿರಲಿಲ್ಲ. ಕಸಾರಾ ಘಟ್ಟ ಹತ್ತುವ ಲಾರಿಗಳು, ಮುಂಬಯಿಯ ಟ್ಯಾಕ್ಸಿಗಳು, ಎಲ್ಲಕ್ಕೂ ತಾಮ್ರ ಹಿತ್ತಾಳೆಯ ರೇಡಿಯೇಟರೇ. ಆ ಟ್ಯಾಕ್ಸಿಗಳ ಹಿಂದೆ ನಮ್ಮವರದೂ ಒಂದು ಕನಸು ಇತ್ತೆಂಬುದನ್ನು ಮಕ್ಕಳು ತಿಳಿದಿರಲಿ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿ, ಅದಕ್ಕಾಗಿ ಯುರೋಪು ಅಮೇರಿಕಾಗಳನ್ನು ಸುತ್ತಿ ಬಂದರು. ಆಗಿನ ಸರಕಾರ ಒತ್ತಾಸೆ ಕೊಡಲಿಲ್ಲ. ಅದರಲ್ಲಿ ಅವರೊಡನೆ ದುಡಿದಿದ್ದ ವಾಲಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದರು. ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಕೆಲವು ದಶಕಗಳ ತರುವಾಯ ಅದೇ ಕಂಪನಿಯ ಘಟಕವೊಂದು ನಮ್ಮ ಕಲ್ಯಾಣ-ಶಿಳ್ ರಸ್ತೆಯಲ್ಲಿಯೂ ನಡೆಯಿತು; ಕಾರ್ಖಾನೆ ಹೋದರೂ ಪ್ರೀಮಿಯರ್ ಕಾಲನಿ ಎಂಬ ಹೆಸರು ಉಳಿದಿದೆ. ಕುರ್ಲಾದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಡೆಯದು ಇಪ್ಪತ್ತು ವರ್ಷದ ಆಯುಸ್ಸು ತೀರಿಸಿ 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ಸರಿಯಿತು. ಈಗಿನ ಕಾರುಗಳದು ಅಲ್ಯೂಮಿನಿಯಮ್ ಒಡಲು, ಪ್ಲಾಸ್ಟಿಕ್ ತೊಟ್ಟಿ. ಒಡೆದರೆ ಬಿಚ್ಚಿ ಎಸೆದು ಬೇರೆ ಹಾಕುತ್ತಾರೆ. ಕಾಕಾ ಅವರ ಮಗ ತುರ್ಭೆಯಲ್ಲಿ ಅದೇ ವ್ಯಾಪಾರ ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಕಾಕಾ ಅಂಗಡಿಗೆ ಬೀಗ ಹಾಕಿ ಮನೆಯಲ್ಲಿದ್ದರು.

ಫೋನಿನಲ್ಲಿಯೇ ಅವರು ಹೇಳಿದ ಮೊದಲ ಮಾತು: "ಸಾಹೇಬ್ರ, ಅದನ್ನ ತೊಳೀಬ್ಯಾಡ್ರಿ. ತೊಳದ್ರ ಸಾಕ್ಷಿ ಹೋಗಿಬಿಡತೈತಿ." ಮಿತ್ರರ ಮಗ ಆಗಲೇ ಮೈಯೆಲ್ಲ ಒರೆಸಿ ಹೊಳಪು ಕೊಡಲು ಹೊರಟಿದ್ದ. ತಡೆದೆವು.

ಠಾಣೆಗೆ ಬಂದವರು ಬೆಸುಗೆಯ ಸಾಮಾನು ತಂದಿರಲಿಲ್ಲ. ತಂದದ್ದು ಒಂದು ಬಿದಿರ ಕಡ್ಡಿ, ಒಂದು ಪೊಟ್ಟಣ ರಂಗೋಲಿ ಪುಡಿ. ಹಳೆಯ ಪತ್ರಿಕೆ ಮನೆಯಲ್ಲಿಯೇ ಇತ್ತು. ಸಂಜೆ ತಣ್ಣಗಿರುವಾಗ ರೇಡಿಯೇಟರಿಗೆ ಬಾಯಿಮಟ್ಟ ನೀರು ತುಂಬಿ, ಕಡ್ಡಿ ಇಳಿಸಿ ಗುರುತು ಮಾಡಿ, ಗಾಡಿಯ ಕೆಳಗೆ ಪತ್ರಿಕೆಯ ಹಾಳೆ ಹರಡಿ, ಚಾ ಕುಡಿದು ಹೊರಟುಹೋದರು. ಹಾಳೆ ಹಾಸುವುದೇಕೆಂದರೆ, ತೊಟ್ಟು ಬಿದ್ದ ಜಾಗ ಮತ್ತು ಎಷ್ಟು ಬಿದ್ದಿತೆಂಬ ಎರಡೂ ಕಾಗದದಲ್ಲಿ ಉಳಿಯುತ್ತವೆ. ನೀರು ಆರಿದರೂ ಕಲೆ ಆರುವುದಿಲ್ಲ. ಬೆಳಿಗ್ಗೆ ನೋಡಿದರೆ ಕಾಗದ ಒಣಗಿಯೇ ಇತ್ತು, ಕಡ್ಡಿಯ ಗುರುತೂ ಹಾಗೆಯೇ ಇತ್ತು.

ಇಲ್ಲಿ ಹಲವರು ಎಡವುತ್ತಾರೆ. ತಣ್ಣಗಿರುವಾಗ ಸೋರದ್ದು ಓಡಿದ ಮೇಲೆ ಕಡಿಮೆಯಾದರೆ, ಅದು ರೇಡಿಯೇಟರಿನ ತೂತೇ ಎನ್ನಲು ಬರುವುದಿಲ್ಲ. ಹಳೆಯ ಗಾಡಿಗಳ ರೇಡಿಯೇಟರಿಗೆ ಬಿಗಿಯಾದ ಮುಚ್ಚಳವಿಲ್ಲ. ಒಳಗೊಂದು ಉಕ್ಕುಕೊಳವೆ ಬಾಯಿ ತೆರೆದೇ ಇರುತ್ತದೆ. ನೀರು ಕುದಿಯುವ ಮಟ್ಟಕ್ಕೆ ಕಾದಾಗ ನೂರಕ್ಕೆ ನಾಲ್ಕು ಪಾಲಿನಷ್ಟು ಹಿಗ್ಗುತ್ತದೆ. ಹತ್ತು ಲೀಟರಿದ್ದರೆ ಒಂದು ದೊಡ್ಡ ತಂಬಿಗೆಯಷ್ಟು ನೀರು ಆ ಕೊಳವೆಯಿಂದ ಹೊರಗೆ ಹೋಗಲೇಬೇಕು. ಪ್ರತಿ ಬೆಳಿಗ್ಗೆ ಬಾಯಿಮಟ್ಟ ತುಂಬಿಸಿ, ಪ್ರತಿ ಸಂಜೆ ಕಡಿಮೆಯಾಯಿತೆಂದು ಗೋಳಾಡಿ, ಇಲ್ಲದ ತೂತನ್ನು ಮುಚ್ಚಲು ಹಣ ಕೊಟ್ಟವರನ್ನು ನಾವು ಕಂಡಿದ್ದೇವೆ. ಕೊಟ್ಟವರಲ್ಲಿ ಒಬ್ಬರು ಈ ಸಭೆಯಲ್ಲಿಯೂ ಇದ್ದಾರೆ, ನಗುತ್ತಿದ್ದಾರೆ.

ಇನ್ನು ಕೆಲವು ದಾರಿಗಳುಂಟು. ರಬ್ಬರು ಪೈಪಿನ ಪಟ್ಟಿ ಸಡಿಲವಾಗಿರಬಹುದು. ಪೈಪು ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಸುಲಿದಿರಬಹುದು. ಕೆಳಗಿನ ನೀರು ಬಿಡುವ ತಿರುಪು ಸವೆದಿರಬಹುದು. ಪಂಪು ಇರುವ ಗಾಡಿಯಾದರೆ ಅದರ ದಂಡದ ಸುತ್ತಲಿನ ದಾರದ ಪ್ಯಾಕಿಂಗು ಒಣಗಿ ಓಡುವಾಗ ಮಾತ್ರ ಸೋರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಇಂಜಿನಿನ ತಲೆಯ ಗ್ಯಾಸ್ಕೆಟ್ ಒಡೆದು ನೀರು ಸಿಲಿಂಡರಿಗೆ ಇಳಿಯುವುದು. ಇಂಜಿನು ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ಚಾಲು ಮಾಡಿ ನೋಡಿದರೆ ನೀರಿನಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತವೆ. ಎಣ್ಣೆಯ ಕಡ್ಡಿಯನ್ನು ಎತ್ತಿದರೆ ಎಣ್ಣೆ ಕಡೆದ ಮಜ್ಜಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಇಷ್ಟೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ರೇಡಿಯೇಟರಿಗೆ ಕೈ ಹಚ್ಚಬೇಕು.

ಮಿತ್ರರ ಗಾಡಿಯಲ್ಲಿ ಇವು ಯಾವುವೂ ಇರಲಿಲ್ಲ. ಕಾಕಾ ಎಡಗಡೆಯ ಕೆಳಮೂಲೆಯನ್ನು ನೋಡಿದರು. ಮೂರು ಮಿಸ್ತ್ರಿಗಳ ಬೆಸುಗೆ ಅಲ್ಲಿ ಮುದ್ದೆ ಮುದ್ದೆಯಾಗಿ ಕೂತಿತ್ತು. ಅದನ್ನು ಬಿಟ್ಟು, ಅಲ್ಲಿಂದ ಮೇಲಕ್ಕೆ ಬೆರಳಾಡಿಸುತ್ತ ಹೋದರು. ರೇಡಿಯೇಟರಿನ ಪಕ್ಕದ ಕಂಬದ ಹಿಂಭಾಗದಲ್ಲಿ, ಕೈಗನ್ನಡಿ ಹಿಡಿಯದೆ ಕಾಣದ ಜಾಗದಲ್ಲಿ, ಹಸಿರು ಕಿಲುಬಿನ ಒಂದು ಗೆರೆ; ಅದರ ಅಂಚಿನಲ್ಲಿ ಸುಣ್ಣದ ಬಿಳಿ. ತಾಮ್ರ ಹಿತ್ತಾಳೆಯ ಮೇಲೆ ನೀರು ಹರಿದು ಆರಿ, ಹರಿದು ಆರಿ ಆಗುವ ಗುರುತು ಅದು. ತೊಳೆದಿದ್ದರೆ ಹೋಗುತ್ತಿತ್ತು. ಆ ಗೆರೆಯ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ಇಂಜಿನು ಚಾಲು ಮಾಡಿಸಿದರು. ಹತ್ತು ನಿಮಿಷ ಏನೂ ಇಲ್ಲ. ನೀರು ಕಾದು ಮೇಲಕ್ಕೆ ಹಿಗ್ಗಿ, ಗಾಡಿ ನಡುಗುತ್ತಿರಲು, ಪುಡಿಯ ನೆತ್ತಿಯಲ್ಲಿ ಒಂದು ಕಪ್ಪು ಚುಕ್ಕೆ ಎದ್ದಿತು. ನೋಡುತ್ತಿದ್ದಂತೆ ಅದು ಎಳೆಯಾಗಿ ಕೆಳಕ್ಕೆ ಇಳಿಯಿತು. ಸೋರುತ್ತಿದ್ದದ್ದು ಮೇಲಿನ ತೊಟ್ಟಿ! ತೊಟ್ಟಿಗೂ ಪಕ್ಕದ ಕಂಬಕ್ಕೂ ಬೆಸುಗೆ ಕೂಡುವ ಸಂದಿಯಲ್ಲಿ ಕೂದಲೆಳೆಯ ಬಿರುಕು. ನೀರು ಕಂಬದ ಬೆನ್ನಿನಲ್ಲಿ ಗುಟ್ಟಾಗಿ ಇಳಿದು ಕೆಳಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು.

"ನೀರು ಕಾಣೂ ಜಾಗಾ ಬ್ಯಾರೆ, ಹೊಂಡೂ ಜಾಗಾ ಬ್ಯಾರೆ" ಎಂದರು ಕಾಕಾ. ಮೂವರೂ ಕಂಡ ಜಾಗಕ್ಕೆ ಬೆಸುಗೆ ಹಾಕಿದ್ದರು. "ಹಾಗಾದರೆ ಕಾಕಾ, ಎರಡೆರಡು ತಿಂಗಳು ನಿಂತದ್ದು ಹೇಗೆ?" ಎಂದು ನಾವು ಕೇಳಿದೆವು. ಕಡ್ಡಿಯನ್ನು ಇಳಿಸಿ ತೋರಿಸಿದರು: ನೀರು ಒಂದು ಮಟ್ಟಕ್ಕೆ ಇಳಿದು ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಬಿರುಕು ಇರುವ ಎತ್ತರವೇ ಆ ಮಟ್ಟ. ಬೆಸುಗೆ ಹಾಕಿಸಿದ ಮೇಲೆ ಮನೆಯವರು ಗಾಡಿಯನ್ನು ಹೆದರಿ ಹೆದರಿ ಕಾಲು ಗಂಟೆ ಓಡಿಸಿ ನಿಲ್ಲಿಸುತ್ತಿದ್ದರು, ನೀರನ್ನೂ ಕಡಿಮೆಯೇ ತುಂಬಿಸುತ್ತಿದ್ದರು, ಸೋರಲಿಲ್ಲ. ಧೈರ್ಯ ಬಂದು ಪೂರ್ತಿ ತುಂಬಿ ದೂರ ಓಡಿಸಿದಾಗ ಸೋರಿತು. ಯಾವ ಮಟ್ಟದಲ್ಲಿ ನೀರು ತಾನಾಗಿ ನಿಲ್ಲುತ್ತದೆಯೋ ಆ ಎತ್ತರದಲ್ಲಿ ಸುತ್ತ ಹುಡುಕಿ ಎಂಬ ಈ ಸೂತ್ರ, ಕೊಡಪಾನದಿಂದ ಹಿಡಿದು ಕಟ್ಟಡದ ನೀರಿನ ಟಾಂಕಿಯವರೆಗೆ ಎಲ್ಲಕ್ಕೂ ಹೊಂದುತ್ತದೆ. ನಮ್ಮ ಸೊಸೈಟಿಯ ಟಾಂಕಿಯ ಮೇಲೆ ಇದನ್ನು ಪ್ರಯೋಗಿಸಿ ನಾವು ಒಂದಿಷ್ಟು ಹೆಸರನ್ನೂ ಗಳಿಸಿದೆವು.

ಬಿಚ್ಚಿ ಕಲ್ಯಾಣಕ್ಕೆ ತಂದ ಮೇಲೆ ತೊಟ್ಟಿಯ ಪರೀಕ್ಷೆ. ಪೈಪಿನ ಬಾಯಿಗಳಿಗೂ ಉಕ್ಕುಕೊಳವೆಗೂ ರಬ್ಬರು ಬಿರಡೆ ಜಡಿದು, ಒಂದರಲ್ಲಿ ಸೈಕಲ್ ಟ್ಯೂಬಿನ ವಾಲ್ವು ಕೂರಿಸಿ, ನೀರಿನ ಕುಂಡದಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಡುವುದು. ಮೆಲ್ಲಗೆ ಎಂಬ ಮಾತನ್ನು ಗೆರೆ ಹಾಕಿ ಓದಿಕೊಳ್ಳಬೇಕು. ಹಳೆಯ ರೇಡಿಯೇಟರು ಒತ್ತಡಕ್ಕೆಂದು ಮಾಡಿದ್ದಲ್ಲ. ಚದರ ಅಂಗುಲಕ್ಕೆ ನಾಲ್ಕೈದು ಪೌಂಡು ಧಾರಾಳವಾಯಿತು. ಪೆಟ್ರೋಲ್ ಪಂಪಿನ ಗಾಳಿ ಹಿಡಿದರೆ ಒಂದು ತೂತಿದ್ದಲ್ಲಿ ಹತ್ತಾಗುತ್ತದೆ. ಗುಳ್ಳೆ ಎದ್ದಾಗ ಮೇಲೆ ಬಂದು ಒಡೆಯುವ ಜಾಗವನ್ನು ನೋಡದೆ ಅದು ಹುಟ್ಟುವ ಜಾಗವನ್ನು ನೋಡಬೇಕು. ಗುಳ್ಳೆಗೂ ನೀರಿನ ಹಾಗೆಯೇ ತಗಡಿನ ಸಂದಿಯಲ್ಲಿ ಅಡ್ಡದಾರಿ ಹಿಡಿಯುವ ಚಾಳಿಯಿದೆ. ಕಂಡಲ್ಲಿ ಸಣ್ಣ ತಂತಿ ಸಿಕ್ಕಿಸಿ ಗುರುತಿಡುತ್ತಾರೆ. ಮೇಲಿನ ಬಿರುಕಿನ ಹೊರತಾಗಿ ನಡುವಿನ ಒಂದು ಕೊಳವೆಯಲ್ಲಿಯೂ ಸೂಜಿಮೊನೆಯಷ್ಟು ತೂತು ಸಿಕ್ಕಿತು.

ಬೆಸುಗೆಯೆಂದರೆ ತವರ ಮತ್ತು ಸೀಸ ಕೂಡಿದ ಲೋಹ. ಅದು 183 ಡಿಗ್ರಿಯಲ್ಲಿ ಮೆತ್ತಗಾಗಲು ತೊಡಗುತ್ತದೆ. ಎರಡೂ ಸಮಪಾಲಿದ್ದರೆ 215ರ ಸುಮಾರಿಗೆ ಪೂರಾ ನೀರಾಗುತ್ತದೆ. ನೀರು ಕುದಿಯುವುದು ನೂರರಲ್ಲಿ, ಆದ್ದರಿಂದ ಗಾಡಿಯ ಕಾವಿಗೆ ಬೆಸುಗೆ ಜಗ್ಗದು. ಆದರೆ ಮಿಸ್ತ್ರಿಯ ಬೆಂಕಿಗೆ ಜಗ್ಗುತ್ತದೆ. ರೇಡಿಯೇಟರಿನ ಮೈಯೆಲ್ಲ ಬೆಸುಗೆಯೇ. ಒಂದು ಕಡೆ ಬ್ಲೋಲ್ಯಾಂಪಿನ ಜ್ವಾಲೆ ಹೆಚ್ಚಾದರೆ ಪಕ್ಕದ ನಾಲ್ಕು ಸಂದಿ ಬಿಚ್ಚಿಕೊಳ್ಳುತ್ತವೆ. ಕಾಕಾ ಸುತ್ತಲೂ ಒದ್ದೆ ಗೋಣಿಯ ತುಂಡು ಹೊದಿಸಿ, ದಪ್ಪ ತಾಮ್ರದ ಮೂತಿಯ ಸಲಾಕೆಯನ್ನೇ ಕಾಯಿಸಿ ಕೆಲಸ ಮಾಡಿದರು. ಅದಕ್ಕೆ ಮೊದಲು ಹಳೆಯ ಬೆಸುಗೆಯನ್ನು ಇಳಿಸಿ, ಹಿತ್ತಾಳೆ ಹೊಸ ತಂಬಿಗೆಯಂತೆ ಹೊಳೆಯುವವರೆಗೆ ಉಜ್ಜಿದ್ದಕ್ಕೇ ಅರ್ಧ ದಿನ ಹಿಡಿಯಿತು. ಕಲಾಯಿಯವನು ನವಸಾಗರದ ಪುಡಿ ಹಾಕಿ, ತವರ ಸವರಿ, ಅರಳೆಯಿಂದ ಒರೆಸುವುದನ್ನು ನೋಡಿದವರಿಗೆ ಗೊತ್ತು: ಕೊಳೆಯ ಮೇಲೆ ತವರ ಕೂರುವುದಿಲ್ಲ, ಉರುಳಿ ಹೋಗುತ್ತದೆ. ಇಲ್ಲಿ ನವಸಾಗರ ಸಲಾಕೆಯ ಮೂತಿಯನ್ನು ಶುದ್ಧ ಮಾಡಲು; ಸಂದಿಗೆ ಹಚ್ಚುವುದು ಮುರಿಯಾಟಿಕ್ ಆಸಿಡ್ಡಿನಲ್ಲಿ ಸತುವಿನ ಚೂರು ಕರಗಿಸಿದ ನೀರು. ಅದನ್ನು ಕಡೆಗೆ ಸೋಡಾ ನೀರಿನಿಂದ ತೊಳೆಯದೆ ಬಿಟ್ಟರೆ ಹೊಸ ಬೆಸುಗೆಯ ಬುಡವನ್ನೇ ತಿನ್ನುತ್ತದೆ. ಈ ಹೊಗೆಯನ್ನು ಕುಡಿಯಬಾರದು, ಸೀಸ ಮುಟ್ಟಿದ ಕೈಯಲ್ಲಿ ತಿಂಡಿ ಮುಟ್ಟಬಾರದು, ಅಡಿಗೆಮನೆಯಲ್ಲಿಯೂ ಮಕ್ಕಳ ಎದುರಿನಲ್ಲಿಯೂ ಈ ಕೆಲಸ ಕೂಡದು.

ತೂತಾದ ಕೊಳವೆಗೆ ಸಲಾಕೆಯ ಮೂತಿ ತಲುಪದು. ಆದ್ದರಿಂದ ಅದರ ಮೇಲು ಕೆಳಗಿನ ಬಾಯಿಗಳನ್ನು ಹಿಸುಕಿ ಬೆಸುಗೆಯಿಂದ ಮುಚ್ಚಿದರು. ಆ ಕೊಳವೆ ಅಲ್ಲಿಗೆ ಪಿಂಚಣಿ ಪಡೆಯಿತು. ಒಂದೆರಡಾದರೆ ಇದು ನಡೆಯುತ್ತದೆ, ಹೆಚ್ಚಾದರೆ ಗಾಡಿ ಕಾಯುತ್ತದೆ. ಜೇನುಗೂಡಾದರೆ ಕ್ರಮವೇ ಬೇರೆ: ಅಲ್ಲಿ ನೀರು ಕೊಳವೆಯ ಹೊರಗೆ ಇರುವುದರಿಂದ, ಸೋರುವ ಕಣ್ಣಿನ ಮುಂದಿನ ಬಾಯಿ ಹಿಂದಿನ ಬಾಯಿ ಎರಡನ್ನೂ ಮುಚ್ಚಿದರೆ ಆ ಕಣ್ಣಿಗೆ ಗಾಳಿ ತಪ್ಪುತ್ತದೆಯೇ ಹೊರತು ನೀರಿನ ಹಾದಿಗೆ ಏನೂ ಆಗದು. ಅದರಲ್ಲಿ ಒಂದು ಕಣ್ಣಿನ ನೀರು ಹತ್ತು ಕಣ್ಣುಗಳ ಮೇಲೆ ಇಳಿದು ಬರುವುದರಿಂದ, ಒದ್ದೆಯಾದವುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೇ ಹಿಡಿಯಬೇಕು.

ಇಷ್ಟಾದ ಮೇಲೆ ನಾವು ಕೆಲಸ ಮುಗಿಯಿತೆಂದುಕೊಂಡೆವು. ಕಾಕಾ ಒಪ್ಪಲಿಲ್ಲ. "ಒಡದದ್ದ್ಯಾಕ?" ಎಂಬುದು ಅವರ ಪ್ರಶ್ನೆ. ಚಾಸಿಸಿನ ಮೇಲೆ ರೇಡಿಯೇಟರು ಕೂರುವ ಎರಡು ಕಡೆ ಬೋಲ್ಟಿನ ಜೊತೆ ಸಣ್ಣ ಸ್ಪ್ರಿಂಗು ಇರಬೇಕು. ಆ ಕಾಲದ ಚಾಸಿಸ್ ಕಚ್ಚಾ ರಸ್ತೆಯಲ್ಲಿ ತೊಟ್ಟಿಲಿನಂತೆ ಓಲಾಡುತ್ತದೆ, ಅದು ಓಲಾಡಿದರೂ ರೇಡಿಯೇಟರು ತಿರುಚಬಾರದೆಂದೇ ಈ ಏರ್ಪಾಡು. ನೋಡಿದರೆ ಬಲಗಡೆ ಸ್ಪ್ರಿಂಗು ಇದೆ, ಎಡಗಡೆ ಇಲ್ಲ. ಯಾವನೋ ಪುಣ್ಯಾತ್ಮ ಕಳೆದುಕೊಂಡು, ಅದರ ಬದಲಿಗೆ ಎರಡು ವಾಷರು ಹಾಕಿ, ಬೋಲ್ಟನ್ನು ಕೈಲಾದಷ್ಟು ಬಿಗಿದಿದ್ದ. ಗಾಡಿ ಅಲುಗಿದಾಗಲೆಲ್ಲ ತಿರುಚೆಲ್ಲ ಎಡಗಡೆಯ ಕಂಬದ ಮೂಲಕ ಮೇಲಿನ ಸಂದಿಗೆ ಹೋಗುತ್ತಿತ್ತು. ಕಾಕಾ ಹೊಸ ಬೆಸುಗೆ ಹಾಕಿ ಕೊಟ್ಟು ಸುಮ್ಮನಿದ್ದಿದ್ದರೆ ನಾಲ್ಕನೆಯ ಸಲವೂ ಬಿರಿಯುತ್ತಿತ್ತು, ಹೋಟೆಲಿನ ಬಾಗಿಲು ಗಟ್ಟಿಯಾಗುತ್ತಿತ್ತು. ಕಲ್ಯಾಣದಲ್ಲಿಯೇ ಒಂದು ಸ್ಪ್ರಿಂಗು ಸುತ್ತಿಸಿ, ಅಡಿಗೆ ತೊಗಲಿನ ತುಂಡು ಕೊಟ್ಟು, ಸ್ಪ್ರಿಂಗು ಆಡುವಷ್ಟು ಮಾತ್ರ ಬಿಗಿದು, ಬೋಲ್ಟಿಗೆ ಅಡ್ಡಪಿನ್ನು ಹಾಕಿದರು. ಈ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ.

ಅರಿಸಿನದ ಮಾತು ಉಳಿಯಿತು. ಲಾರಿಯವರು ದಾರಿಯಲ್ಲಿ ಸೋರಿದರೆ ಒಂದು ಹಿಡಿ ಅರಿಸಿನ ಪುಡಿ ಹಾಕಿ ಊರು ಮುಟ್ಟುವುದನ್ನು ನೀವೂ ಕೇಳಿರಬಹುದು. ಅದು ಸುಳ್ಳಲ್ಲ. ಪುಡಿ ನೀರಿನಲ್ಲಿ ಉಬ್ಬಿ, ತೂತಿನ ಬಾಯಲ್ಲಿ ಗಾಳಿ ತಾಗಿ ಗಟ್ಟಿಯಾಗುತ್ತದೆ. ಆದರೆ ಪುಡಿಗೆ ತೂತು ಯಾವುದು, ದಾರಿ ಯಾವುದು ಎಂಬ ವಿವೇಕವಿಲ್ಲ. ಕಿರಿದಾದಲ್ಲೆಲ್ಲ ಕೂರುತ್ತದೆ. ಕೂದಲೆಳೆಯ ಸಂದಿಯ ಜೇನುಗೂಡಿಗೆ ಅದು ವಿಷವೇ ಸರಿ. ಪಂಪಿಲ್ಲದ ಗಾಡಿಗೂ ಹೆಚ್ಚು ಕಡಿಮೆ ಹಾಗೆಯೇ, ಏಕೆಂದರೆ ತಳ್ಳುವ ಬಲವಿಲ್ಲದ ನೀರು ಚಿಕ್ಕ ಅಡ್ಡಿಗೂ ನಿಲ್ಲುತ್ತದೆ. ಮಿತ್ರರ ಗಾಡಿಯ ಕೆಳತೊಟ್ಟಿಯಿಂದ ಕಾಕಾ ಗೋರಿ ತೆಗೆದ ಹಳದಿ ಕೆಸರು ಒಂದು ಸಣ್ಣ ಬಟ್ಟಲಿನಷ್ಟಿತ್ತು. ಬೇರೆ ಉಪಾಯವಿಲ್ಲದ ಘಟ್ಟದ ನಡುವೆ ಹಾಕಿರಿ, ಬೇಡವೆನ್ನುವುದಿಲ್ಲ. ಮನೆ ಮುಟ್ಟಿದ ದಿನವೇ ತೊಳೆಸಿರಿ.

ಘಟ್ಟದ ಹೆಸರು ಬಂದದ್ದರಿಂದ ಒಂದು ಮಾತು. 1978ರ ಬೇಸಗೆಯಲ್ಲಿ ನಾವು ಮನೆಮಂದಿ ಬಾಡಿಗೆ ಕಾರಿನಲ್ಲಿ ನಾಸಿಕಕ್ಕೆ ಹೊರಟಾಗ ಕಸಾರಾ ಘಟ್ಟದಲ್ಲಿ ರೇಡಿಯೇಟರು ಕುದಿಯಿತು. ನಮ್ಮ ಭಾವನವರು ಅವಸರದ ಸ್ವಭಾವದವರು. ಡ್ರೈವರು "ಥಾಂಬಾ, ಥಾಂಬಾ" ಎನ್ನುತ್ತಿದ್ದಂತೆಯೇ ಟವಲು ಸುತ್ತಿ ಮುಚ್ಚಳ ತಿರುಗಿಸಿದರು. ಮುಚ್ಚಳ ಒತ್ತಡದ್ದು. ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಬಿಟ್ಟ ಕ್ಷಣ ಒಟ್ಟಿಗೇ ಕುದಿದು ಹಾರುತ್ತದೆ. ಅವರ ಬಲಗೈಯ ಮೇಲಿನ ಗುರುತು ಕಡೆಯವರೆಗೂ ಹೋಗಲಿಲ್ಲ; ಅಕ್ಕ ಆ ಕೈ ನೋಡಿದಾಗಲೆಲ್ಲ ನಮ್ಮನ್ನೇ ನೋಡುತ್ತಿದ್ದಳು, ಮೋಟಾರು ತಿಳಿದವನು ಸುಮ್ಮನೆ ನಿಂತಿದ್ದೆಯಲ್ಲ ಎಂಬಂತೆ. ಇಂಜಿನು ನಿಲ್ಲಿಸಿ, ಮೇಲಿನ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ಆರುವವರೆಗೆ ಮುಚ್ಚಳ ಮುಟ್ಟಬಾರದು. ಕಾದ ಇಂಜಿನಿಗೆ ತಣ್ಣೀರು ಒಮ್ಮೆಲೇ ಹೊಯ್ದರೆ ಕಬ್ಬಿಣ ಸೀಳುತ್ತದೆ. ಇನ್ನು ಆ ಜಾತಿಯ ಒತ್ತಡದ ಮುಚ್ಚಳವನ್ನು ಹಳೆಯ ರೇಡಿಯೇಟರಿಗೆ ಎಂದೂ ಕೂರಿಸಕೂಡದು.

ನೀರಿನ ವಿಷಯ: ಬೋರ್‌ವೆಲ್ಲಿನ ನೀರು ಹಾಕಬೇಡಿರಿ. ಹಂಡೆಯ ಒಳಗೆ ಕಟ್ಟುವ ಸುಣ್ಣದ ಪೊರೆಯೇ ಕೊಳವೆಯೊಳಗೂ ಕಟ್ಟುತ್ತದೆ, ಆಮೇಲೆ ಗಾಡಿ ಕುದಿದು ನೀರು ಉಕ್ಕಿ ಹೋಗುತ್ತದೆ, ನೀವು ಸೋರಿತೆನ್ನುತ್ತೀರಿ. ನಮ್ಮ ಕಡೆ ಮಳೆಗೇನೂ ಕೊರತೆಯಿಲ್ಲ. ನಾಲ್ಕು ಮಳೆ ಹೋದ ಮೇಲೆ ಬಟ್ಟೆಯಲ್ಲಿ ಸೋಸಿ ಎರಡು ಕ್ಯಾನು ಹಿಡಿದಿಟ್ಟರೆ ಒಂದು ಹಳೆಯ ಗಾಡಿಗೆ ವರ್ಷಕ್ಕೆ ಸಾಕು.

ಹದಿನಾಲ್ಕನೆಯ ದಿನ ರಾತ್ರಿ ಮಿತ್ರರ ಗಾಡಿಯನ್ನು ಘೋಡಬಂದರ್ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ತಂದು, ಬಿಸಿಯಾಗಿಯೇ ನಿಲ್ಲಿಸಿ, ಕೆಳಗೆ ಪತ್ರಿಕೆ ಹಾಸಿದೆವು. ಬೆಳಿಗ್ಗೆ ಮಗನೇ ಮೊದಲು ಎದ್ದು ಹೋಗಿ ನೋಡಿದನಂತೆ. ಒಣಗಿದ ಹಾಳೆಯನ್ನು ಮಡಿಸಿ ತಂದು ಅಪ್ಪನ ಮುಂದಿಟ್ಟು, "ಇವತ್ತಿನ ಸುದ್ದಿ ಏನೂ ಇಲ್ಲ" ಎಂದನಂತೆ. ಇದು ನಡೆದು ಎರಡು ಮಳೆಗಾಲ ಕಳೆದಿವೆ. ಹೋಟೆಲಿನವರು ಬೇರೆ ಗಾಡಿ ನೋಡಿಕೊಂಡರು.

ಈ ಸಂಚಿಕೆ ಓದುವ ಮನೆಗಳಲ್ಲಿ, ಊರಿನ ಅಟ್ಟದಲ್ಲಿಯೋ ಇಲ್ಲಿಯ ಗ್ಯಾರೇಜಿನಲ್ಲಿಯೋ ಹಿತ್ತಾಳೆಯ ರೇಡಿಯೇಟರು ಬಿದ್ದಿದ್ದರೆ, ಗುಜರಿಯವನಿಗೆ ತೂಕಕ್ಕೆ ಕೊಡುವ ಮೊದಲು ಸಂಘದ ಕಚೇರಿಯಲ್ಲಿ ಒಂದು ಮಾತು ತಿಳಿಸಬೇಕು. ಕಾಕಾ ಭಾನುವಾರಗಳಂದು ನೋಡಿಕೊಡಲು ಒಪ್ಪಿದ್ದಾರೆ. ಕಲಿಯುವ ಹುಡುಗರು ಜೊತೆಯಲ್ಲಿ ಬಂದರೆ ಅವರಿಗೂ ಬೇಡವಿಲ್ಲ, ಇದುವರೆಗೆ ಒಬ್ಬ ಬಂದಿದ್ದಾನೆ. ತರುವಾಗ ಅದರ ಬೋಲ್ಟು, ವಾಷರು, ಸ್ಪ್ರಿಂಗು, ಕೆಳಗಿದ್ದ ತೊಗಲಿನ ಚೂರು ಸಹ ಬಿಡದೆ ಒಂದು ಡಬ್ಬಿಯಲ್ಲಿ ಹಾಕಿ ತರಬೇಕು. ತೊಳೆದು ತರಬಾರದು.